ಅಣಕು ಪರೀಕ್ಷೆಯಲ್ಲಿ 90, ನಿಜ ಪರೀಕ್ಷೆಯಲ್ಲಿ 64: ಟೆಕ್ಸಾಸಿನ ವಿಮಾ ಲೈಸೆನ್ಸಿಗೆ ಓದುವುದು ಹೇಗೆ?

ಪ್ರಶ್ನೆ: ನಾನು ಡಲ್ಲಾಸ್ ಪಕ್ಕದ ಊರಿನಲ್ಲಿದ್ದೇನೆ. ಬೆಂಗಳೂರಿನಲ್ಲಿದ್ದಾಗ ಬ್ಯಾಂಕಿನ ಮೂಲಕ ಕಾರು, ಸ್ಕೂಟರ್ ವಿಮೆ ಮಾಡಿಸುವ ಕೆಲಸ ಮಾಡುತ್ತಿದ್ದೆ. ಈಗ ಎಚ್-4 ಇಎಡಿ, ಅಂದರೆ ಇಲ್ಲಿ ಕೆಲಸ ಮಾಡುವ ಅನುಮತಿ ಬಂದಿದೆ. ಲೈಸೆನ್ಸ್ ಮಾಡಿಕೊಂಡು ಬಂದರೆ ಕೆಲಸ ಕೊಡುತ್ತೇನೆ ಅಂತ ಇಲ್ಲಿನ ಒಬ್ಬ ಏಜೆಂಟ್ ಹೇಳಿದ್ದಾರೆ. ಜನರಲ್ ಲೈನ್ಸ್ ಪ್ರಾಪರ್ಟಿ ಅಂಡ್ ಕ್ಯಾಶುಯಲ್ಟಿ (ಆಸ್ತಿ ಮತ್ತು ಹೊಣೆಗಾರಿಕೆ ವಿಮೆ) ಪರೀಕ್ಷೆ ಬರೆದೆ. ಪಾಸಾಗಲು 70 ಬೇಕು, ನನಗೆ ಬಂದದ್ದು 64. ಆ್ಯಪ್‌ನ ಅಣಕು ಪರೀಕ್ಷೆಗಳಲ್ಲಿ 90ಕ್ಕೆ ಕಡಿಮೆ ಬರುತ್ತಲೇ ಇರಲಿಲ್ಲ. ಮೂರು ವಾರ ಬಿಟ್ಟು ಮತ್ತೆ ಬರೆಯಬೇಕು ಅಂದುಕೊಂಡಿದ್ದೇನೆ. ದುಬಾರಿ ಕೋರ್ಸಿಗೆ ಸೇರಲೇ? ಇಲ್ಲಾ ಸುಲಭದ ಪರ್ಸನಲ್ ಲೈನ್ಸ್ ಪರೀಕ್ಷೆ ಬರೆದು ಮುಗಿಸಲೇ?

ಉತ್ತರ: ಕೋರ್ಸಿನ ಮಾತು ಮೊದಲು ಮುಗಿಸಿಬಿಡೋಣ. ಬೇಡ. ಅಮೆರಿಕದಲ್ಲಿ ವಿಮೆಯ ಲಗಾಮು ರಾಜ್ಯಗಳ ಕೈಯಲ್ಲಿದೆ. 1945ರ ಮೆಕ್ಯಾರನ್-ಫರ್ಗುಸನ್ ಕಾಯ್ದೆಯಿಂದ ಅದು ಗಟ್ಟಿಯಾಯಿತು. ಹಾಗಾಗಿ ರಾಜ್ಯಕ್ಕೊಂದು ನಿಯಮ. ಫ್ಲಾರಿಡಾದಲ್ಲಿ ಇದೇ ಥರದ 2-20 ಲೈಸೆನ್ಸಿಗೆ 200 ಗಂಟೆ ಪಾಠ ಕೇಳಬೇಕು. ನ್ಯೂಯಾರ್ಕಿನಲ್ಲಿ 90 ಗಂಟೆ. ಟೆಕ್ಸಾಸಿನಲ್ಲಿ ಒಂದು ಗಂಟೆಯೂ ಕಡ್ಡಾಯವಿಲ್ಲ. ನಿಮ್ಮ ತೊಂದರೆ ಪಾಠ ಕೇಳದೇ ಇದ್ದದ್ದಲ್ಲ ಅಂತ 90 ಮತ್ತು 64ರ ನಡುವಿನ ಅಂತರವೇ ಹೇಳುತ್ತಿದೆ.

ಪರ್ಸನಲ್ ಲೈನ್ಸ್ ವಿಷಯ ಆ ಏಜೆಂಟರನ್ನೇ ಕೇಳಿ. ಆ ಲೈಸೆನ್ಸಿನಲ್ಲಿ ಮನೆ, ಕಾರು, ಕುಟುಂಬದ ವಿಮೆಗಳನ್ನಷ್ಟೇ ಮಾರಬಹುದು. ಅವರ ಆಫೀಸಿನಲ್ಲಿ ಅಷ್ಟೇ ವ್ಯವಹಾರ ಇದ್ದರೆ ಸಾಕು. ಆದರೆ ಡಲ್ಲಾಸ್ ಸುತ್ತಮುತ್ತ ನಮ್ಮವರು ಯಾರ‍್ಯಾರು ನಿಮ್ಮ ಹತ್ತಿರ ಬರುತ್ತಾರೆ ಅಂತ ಯೋಚಿಸಿ. ಹೋಟೆಲ್ ಇಟ್ಟವರು, ಪೆಟ್ರೋಲ್ ಬಂಕಿನವರು, ಮೋಟೆಲ್‌ನವರು, ಮನೆಯಲ್ಲೇ ಕೇಟರಿಂಗ್ ಶುರು ಮಾಡಿದವರು. ಅವರಿಗೆ ಬೇಕಾದದ್ದು ಕಮರ್ಷಿಯಲ್ ಪಾಲಿಸಿ. 64 ಬಂದ ಮೇಲೆ ಹಿಂದೆ ಸರಿಯುವುದು ನನಗೇನೋ ಸರಿ ಕಾಣುವುದಿಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. ಆ್ಯಪ್‌ನಲ್ಲಿ 90 ಬಂದದ್ದು ನಿಮಗೆ ವಿಷಯ ಗೊತ್ತಾಗಿದ್ದರಿಂದಲ್ಲ, ಆ ಪ್ರಶ್ನೆಗಳು ಗೊತ್ತಾಗಿದ್ದರಿಂದ. ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ನಾಲ್ಕನೇ ಸಲಕ್ಕೆ ಪ್ರಶ್ನೆಯ ಮೊದಲ ಮೂರು ಪದ ನೋಡಿದ ಕೂಡಲೇ ಬೆರಳು ಸರಿಯುತ್ತರದ ಮೇಲೆ ಹೋಗುತ್ತದೆ. ನಿಜ ಪರೀಕ್ಷೆಯಲ್ಲಿ ಅದೇ ವಿಷಯವನ್ನು ಒಂದು ಘಟನೆ ಮಾಡಿ ಕೇಳುತ್ತಾರೆ. ಇಂಥವರ ಮನೆಯಲ್ಲಿ ಹೀಗಾಯಿತು, ಪಾಲಿಸಿ ಇಂಥದ್ದು, ಯಾವ ಕವರೇಜ್‌ನಿಂದ ಎಷ್ಟು ದುಡ್ಡು ಬರುತ್ತದೆ? ಇದಕ್ಕೆ ತಯಾರಾಗಬೇಕಾದರೆ ವ್ಯಾಖ್ಯೆ ಬಾಯಿಪಾಠ ಮಾಡಿ ಉಪಯೋಗವಿಲ್ಲ. ಪಾಲಿಸಿಯನ್ನೇ ಓದಬೇಕು. ಹೌದು, ಇಡೀ ಪಾಲಿಸಿಯನ್ನು, ಸಣ್ಣ ಅಕ್ಷರದ್ದನ್ನೂ ಸೇರಿಸಿ. ಪರೀಕ್ಷೆಗೆ ಓದುವವರಲ್ಲಿ ಬಹಳ ಜನ ಒಂದೇ ಒಂದು ಪಾಲಿಸಿಯನ್ನೂ ಮೊದಲಿಂದ ಕೊನೆವರೆಗೆ ಓದಿರುವುದಿಲ್ಲ.

ಎಚ್‌ಒ-3 ಅನ್ನುವ ಮನೆ ಪಾಲಿಸಿ ಮತ್ತು ಪರ್ಸನಲ್ ಆಟೋ ಪಾಲಿಸಿ, ಇವೆರಡರ ಐಎಸ್‌ಒ (ವಿಮಾ ಪಾಲಿಸಿಗಳ ಮಾದರಿ ಬರೆಯುವ ಸಂಸ್ಥೆ) ಮಾದರಿ ಪ್ರತಿಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಪ್ರಿಂಟ್ ತೆಗೆದುಕೊಳ್ಳಿ. ಮೊದಲ ವಾರ ಇವೆರಡನ್ನು ಬಿಟ್ಟು ಬೇರೆ ಏನೂ ಬೇಡ. ಓದುತ್ತಾ ನೀವೇ ನಷ್ಟಗಳನ್ನು ಹುಟ್ಟುಹಾಕಿ, ಪಾಲಿಸಿಯ ಮೇಲೆ ಓಡಿಸಿ ನೋಡಿ.

ನೀರನ್ನೇ ತೆಗೆದುಕೊಳ್ಳಿ. ವಾಷಿಂಗ್ ಮಷೀನಿನ ಪೈಪು ದಿಢೀರ್ ಅಂತ ಒಡೆದು ಮರದ ನೆಲವೆಲ್ಲ ಉಬ್ಬಿತು. ನೆಲಕ್ಕೆ ದುಡ್ಡು ಬರುತ್ತದೆ. ಆ ಪೈಪು ಸರಿಮಾಡಲು ಗೋಡೆ ಒಡೆಯಬೇಕಾದರೆ ಅದಕ್ಕೂ ಬರುತ್ತದೆ. ಆದರೆ ನೀರು ಬಿಟ್ಟ ಆ ಮಷೀನಿಗೆ ಬರುವುದಿಲ್ಲ. ಇದು ಪರೀಕ್ಷೆಯವರಿಗೆ ತುಂಬಾ ಇಷ್ಟದ ಜಾಗ. ಇನ್ನು ಆಲಿಕಲ್ಲು ಬಿದ್ದು ಮಾಡಿನಲ್ಲಿ ತೂತಾಗಿ, ಆ ತೂತಿನಿಂದ ಮಳೆನೀರು ಸೋಫಾ ಮೇಲೆ ಸುರಿಯಿತು ಅನ್ನಿ. ಸೋಫಾಗೆ ದುಡ್ಡು ಉಂಟು. ತೆರೆದಿಟ್ಟ ಕಿಟಕಿಯಿಂದ ಅದೇ ಮಳೆ ಅದೇ ಸೋಫಾ ಮೇಲೆ ಬಿದ್ದರೆ ಇಲ್ಲ. ಕಾರಣ ಏನು? ಎಚ್‌ಒ-3ರಲ್ಲಿ ಕಟ್ಟಡಕ್ಕೆ ಓಪನ್ ಪೆರಿಲ್, ಅಂದರೆ ಬೇಡ ಅಂತ ಬರೆದಿದ್ದನ್ನು ಬಿಟ್ಟು ಉಳಿದದ್ದೆಲ್ಲ ಸೇರಿದೆ. ಒಳಗಿನ ಸಾಮಾನಿಗೆ ನೇಮ್ಡ್ ಪೆರಿಲ್, ಅಂದರೆ ಪಟ್ಟಿಯಲ್ಲಿ ಹೆಸರಿರುವ ಅಪಾಯಗಳಿಗೆ ಮಾತ್ರ. ಪಟ್ಟಿಯಲ್ಲಿ ಗಾಳಿ, ಆಲಿಕಲ್ಲು ಇವೆ. ಆದರೆ ಅವು ಮೊದಲು ಕಟ್ಟಡದಲ್ಲಿ ತೂತು ಮಾಡಿರಬೇಕು ಅಂತ ಷರತ್ತಿದೆ. ಈ ಒಂದು ವ್ಯತ್ಯಾಸ ತಲೆಗೆ ಹೋದರೆ ಮನೆ ಪಾಲಿಸಿಯ ಅರ್ಧ ಪ್ರಶ್ನೆಗಳು ತಾವೇ ಬಿಡಿಸಿಕೊಳ್ಳುತ್ತವೆ.

ಕೊನೆಯ ನೀರು, ಹೊರಗಿನಿಂದ ಏರಿ ಬಂದ ಪ್ರವಾಹ. ಮನೆ ಪಾಲಿಸಿಯಲ್ಲಿ ಇದಕ್ಕೆ ಬಿಡಿಗಾಸೂ ಇಲ್ಲ. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್ನಿನ ಬಹಳಷ್ಟು ಕುಟುಂಬಗಳಿಗೆ ಇದು ಗೊತ್ತಾದದ್ದು ನೀರು ಇಳಿದ ಮೇಲೆ. ಪ್ರವಾಹಕ್ಕೆ ಬೇರೆ ಪಾಲಿಸಿ ಬೇಕು. 1968ರಲ್ಲಿ ಶುರುವಾದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯಲ್ಲಿ ಒಂಟಿ ಕುಟುಂಬದ ಮನೆ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್. ಸಾಮಾನ್ಯವಾಗಿ 30 ದಿನ ಕಾಯಬೇಕು. ಚಂಡಮಾರುತ ಕೊಲ್ಲಿಯಲ್ಲಿದೆ ಅಂತ ಟಿವಿಯಲ್ಲಿ ನೋಡಿ ಓಡಿ ಹೋಗಿ ಪಾಲಿಸಿ ತೆಗೆದುಕೊಂಡರೆ ಆ ಸಲಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಈ ಮೂರೂ ಅಂಕಿ ನೆನಪಿರಲಿ.

ಇನ್ನೊಂದು ಉದಾಹರಣೆ ನಮ್ಮ ಮನೆಗಳಿಗೆ ತೀರಾ ಹತ್ತಿರದ್ದು. ಚಿನ್ನ. 2011ರ ಐಎಸ್‌ಒ ಫಾರ್ಮಿನಲ್ಲಿ ಒಡವೆ ಕಳವಾದರೆ ಮಿತಿ 1,500 ಡಾಲರ್. ಕಪಾಟಿನಲ್ಲಿ 12,000 ಡಾಲರಿನ ಬಳೆ, ಸರ ಇದ್ದವು, ಕಳ್ಳ ಒಯ್ದ. ಕಂಪನಿ ಕೊಡುವುದು ಹೆಚ್ಚೆಂದರೆ 1,500. ಅದೇ ಬಳೆ ಮನೆಗೆ ಬೆಂಕಿ ಬಿದ್ದು ಕರಗಿಹೋದರೆ? ಆ ಮಿತಿ ಕಳವಿಗೆ ಮಾತ್ರ. ಬೆಂಕಿಗೆ ಅದು ಅನ್ವಯಿಸುವುದಿಲ್ಲ, ಸಾಮಾನಿನ ಒಟ್ಟು ಕವರೇಜ್‌ ಒಳಗೆ ಬರುತ್ತದೆ. ಅಕ್ಷಯ ತೃತೀಯಕ್ಕೆ ಕೊಂಡ ಚಿನ್ನದ ನಾಣ್ಯ ಮಾತ್ರ ಒಡವೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ನಗದು ಹಣದ ಜೊತೆ ಸೇರುತ್ತದೆ, ಮಿತಿ 200 ಡಾಲರ್, ಕಳವಾದರೂ ಅಷ್ಟೇ, ಸುಟ್ಟರೂ ಅಷ್ಟೇ. ಹೊಸ ಫಾರ್ಮುಗಳಲ್ಲಿ ಅಂಕಿ ಬದಲಾಗಿವೆ, ನಿಮ್ಮ ಪುಸ್ತಕ ಯಾವ ವರ್ಷದ ಫಾರ್ಮ್ ಹಿಡಿದಿದೆ ಅಂತ ನೋಡಿಕೊಳ್ಳಿ. ಲೈಸೆನ್ಸ್ ಸಿಕ್ಕ ಮೇಲೂ ಇದು ಕೆಲಸಕ್ಕೆ ಬರುವ ಮಾತು. ನಮ್ಮವರಿಗೆ ಮನೆ ಪಾಲಿಸಿ ಮಾರುವಾಗ ಒಡವೆಗೆ ಬೇರೆ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ಕವರೇಜ್) ಹಾಕಿಸಿ ಅಂತ ಹೇಳದ ಏಜೆಂಟ್ ಸುಮ್ನೆ ಫಾರ್ಮ್ ತುಂಬುವವರು, ಅಷ್ಟೇ.

ಆಟೋ ಪಾಲಿಸಿಗೆ ಬರೋಣ. ನಿಮ್ಮ ಬೆಂಗಳೂರಿನ ಅನುಭವ ಇಲ್ಲಿ ಸ್ವಲ್ಪ ಸಹಾಯ ಮಾಡುತ್ತದೆ, ಜಾಸ್ತಿ ದಾರಿ ತಪ್ಪಿಸುತ್ತದೆ. ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ವಿಮೆ) ಮಾರಿದ್ದೀರಲ್ಲ, ಅದು ಸಹಾಯ. ಆಕ್ಚುವಲ್ ಕ್ಯಾಶ್ ವ್ಯಾಲ್ಯೂ ಅಂದರೆ ಹೊಸದರ ಬೆಲೆಯಲ್ಲಿ ಸವಕಳಿ ಕಳೆದು ಕೊಡುವುದು. ರಿಪ್ಲೇಸ್‌ಮೆಂಟ್ ಕಾಸ್ಟ್ ಅಂದರೆ ಕಳೆಯದೆ ಕೊಡುವುದು. ಇದು ನಿಮಗೆ ಹೊಸದಲ್ಲ.

ದಾರಿ ತಪ್ಪಿಸುವುದು ಎರಡು ಕಡೆ. ಭಾರತದಲ್ಲಿ ಕಾಂಪ್ರಹೆನ್ಸಿವ್ ಪಾಲಿಸಿ ಅಂದರೆ ಡಿಕ್ಕಿ, ಕಳವು, ಥರ್ಡ್ ಪಾರ್ಟಿ ಎಲ್ಲ ಸೇರಿ. ಇಲ್ಲಿ ಡಿಕ್ಕಿಗೆ ಕೊಲಿಷನ್ ಅಂತ ಬೇರೆ ಕವರೇಜ್, ಉಳಿದ ಹಾನಿಗೆ ಅದರ್ ದ್ಯಾನ್ ಕೊಲಿಷನ್ ಅಂತ ಬೇರೆ. ಕಾರು ಹೋಗಿ ಮರಕ್ಕೆ ಗುದ್ದಿದರೆ ಕೊಲಿಷನ್. ಮರ ಬಂದು ಕಾರಿನ ಮೇಲೆ ಬಿದ್ದರೆ ಅಲ್ಲ. ಜಿಂಕೆಗೆ ಗುದ್ದಿದರೆ? ಗುದ್ದಿದ್ದು ಕಾರೇ ಆದರೂ, ಪ್ರಾಣಿ ಅಥವಾ ಹಕ್ಕಿಗೆ ತಗುಲಿದರೆ ಅದು ಅದರ್ ದ್ಯಾನ್ ಕೊಲಿಷನ್ ಅಂತ ಪಾಲಿಸಿಯೇ ಹೇಳುತ್ತದೆ. ಜಿಂಕೆಯನ್ನು ತಪ್ಪಿಸಲು ಹೋಗಿ ಬೇಲಿಗೆ ಗುದ್ದಿದರೆ ಮತ್ತೆ ಕೊಲಿಷನ್. ಇಷ್ಟು ಗೊತ್ತಿದ್ದರೆ ಆ ಪ್ರಶ್ನೆ ಹೇಗೆ ತಿರುಚಿದರೂ ಹೆದರಬೇಕಿಲ್ಲ.

ಎರಡನೆಯದು ಮಿತಿ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಥರ್ಡ್ ಪಾರ್ಟಿ ಸಾವು-ನೋವಿಗೆ ವಿಮಾ ಕಂಪನಿಯ ಹೊಣೆಗೆ ಮಿತಿಯಿಲ್ಲ. ಹಾಗಾಗಿ ಈ ಲೆಕ್ಕ ನೀವು ಯಾವತ್ತೂ ಮಾಡಿರುವುದಿಲ್ಲ. ಟೆಕ್ಸಾಸಿನಲ್ಲಿ ಕನಿಷ್ಠ 30/60/25 ಇರಬೇಕು. ಒಬ್ಬರ ಗಾಯಕ್ಕೆ 30,000, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೂ ಸೇರಿ 60,000, ಆಸ್ತಿ ಹಾನಿಗೆ 25,000 ಡಾಲರ್. ಈಗ ನಿಮ್ಮ ಗ್ರಾಹಕರ ತಪ್ಪಿನಿಂದ ಮೂವರಿಗೆ ಪೆಟ್ಟಾಯಿತು. ಆಸ್ಪತ್ರೆ ಖರ್ಚು 35,000, 20,000, 15,000. ಎದುರಿನ ಕಾರಿಗೆ 28,000 ಹಾನಿ. ಮೊದಲನೆಯವರಿಗೆ 30,000ಕ್ಕೆ ಮಿತಿ. ಮೂರೂ ಕೂಡಿದರೆ 65,000 ಆಗುತ್ತದೆ, ಆದರೆ ಅಪಘಾತದ ಮಿತಿ 60,000. ಕಾರಿಗೆ 25,000. ಒಟ್ಟು 85,000. ಉಳಿದದ್ದು ಗ್ರಾಹಕರ ಜೇಬಿನಿಂದ. ಆಯ್ಕೆಗಳಲ್ಲಿ 90,000 ಅಂತಲೂ ಇರುತ್ತದೆ, 98,000 ಅಂತಲೂ ಇರುತ್ತದೆ. ಒಂದು ಹೆಜ್ಜೆ ಮರೆತವರಿಗೆ 90,000 ಬರುತ್ತದೆ, ಮಿತಿಯನ್ನೇ ಮರೆತವರಿಗೆ 98,000. ತಪ್ಪು ಉತ್ತರಗಳನ್ನು ಹೀಗೆ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ.

ಎರಡನೇ ವಾರ ಕಮರ್ಷಿಯಲ್. ಇಲ್ಲಿ ಪಾಲಿಸಿಗಳು ಉದ್ದ, ಎಲ್ಲವನ್ನೂ ಓದಲು ಹೋಗಬೇಡಿ. ಪುಸ್ತಕ ಸಾಕು. ಆದರೆ ಕೋಇನ್ಶೂರೆನ್ಸ್ ಲೆಕ್ಕವನ್ನು ಮಾತ್ರ ಕೈಯಾರೆ ಮಾಡಿ, ನಿದ್ದೆಯಲ್ಲಿ ಕೇಳಿದರೂ ಬರಬೇಕು. ಒಂದು ಹೋಟೆಲ್ ಕಟ್ಟಡದ ಬೆಲೆ 4,00,000 ಡಾಲರ್. 80% ಕೋಇನ್ಶೂರೆನ್ಸ್ ಷರತ್ತು. ಅಂದರೆ ಕನಿಷ್ಠ 3,20,000ಕ್ಕೆ ವಿಮೆ ಮಾಡಿಸಬೇಕಿತ್ತು. ಮಾಲೀಕರು ಪ್ರೀಮಿಯಂ ಉಳಿಸಲು 2,40,000ಕ್ಕೆ ಮಾಡಿಸಿದರು. ಅಡುಗೆಮನೆಯಲ್ಲಿ ಬೆಂಕಿ, 80,000 ನಷ್ಟ, ಡಿಡಕ್ಟಿಬಲ್ (ಗ್ರಾಹಕರೇ ಹಾಕಬೇಕಾದ ಮೊತ್ತ) 1,000. ಮಾಡಿಸಿದ್ದನ್ನು ಮಾಡಿಸಬೇಕಾಗಿದ್ದರಿಂದ ಭಾಗಿಸಿ: ಮುಕ್ಕಾಲು. 80,000ದ ಮುಕ್ಕಾಲು 60,000. ಅದರಲ್ಲಿ 1,000 ಕಳೆದರೆ 59,000. ಡಿಡಕ್ಟಿಬಲ್ ಮೊದಲೇ ಕಳೆದುಬಿಟ್ಟರೆ 59,250 ಬರುತ್ತದೆ, ಅದೂ ಆಯ್ಕೆಗಳಲ್ಲಿ ಕಾಯುತ್ತಾ ಕೂತಿರುತ್ತದೆ. ಇನ್ನೂ ಒಂದು ಸುತ್ತು: ಕಟ್ಟಡ ಪೂರ್ತಿ ಸುಟ್ಟುಹೋದರೆ? 4,00,000ದ ಮುಕ್ಕಾಲು 3,00,000, ಡಿಡಕ್ಟಿಬಲ್ ಕಳೆದರೆ 2,99,000. ಆದರೆ ಪಾಲಿಸಿಯ ಮಿತಿಯೇ 2,40,000 ಅಲ್ವಾ? ಅಷ್ಟೇ ಸಿಗುತ್ತದೆ.

ಹೊಣೆಗಾರಿಕೆ ಪಾಲಿಸಿಯಲ್ಲಿ ಅಕರೆನ್ಸ್ ಮತ್ತು ಕ್ಲೇಮ್ಸ್-ಮೇಡ್ ನಡುವಿನ ಫರಕು ಖಂಡಿತ ಕೇಳುವಂಥದ್ದು. ಗ್ರಾಹಕ ಅಂಗಡಿಯಲ್ಲಿ ಜಾರಿ ಬಿದ್ದದ್ದು 2023ರಲ್ಲಿ, ಕೇಸು ಹಾಕಿದ್ದು 2025ರಲ್ಲಿ. ಅಕರೆನ್ಸ್ ಆದರೆ ಬಿದ್ದ ವರ್ಷದ ಪಾಲಿಸಿ ಕೊಡುತ್ತದೆ. ಕ್ಲೇಮ್ಸ್-ಮೇಡ್ ಆದರೆ ಕ್ಲೇಮ್ ಬಂದ ವರ್ಷದ್ದು, ಅದೂ ಘಟನೆ ಪಾಲಿಸಿಯಲ್ಲಿ ನಮೂದಿಸಿದ ರೆಟ್ರೋಆ್ಯಕ್ಟಿವ್ ದಿನಾಂಕದ (ಅದಕ್ಕೂ ಹಿಂದಿನ ಘಟನೆಗೆ ಕವರೇಜ್ ಇಲ್ಲ) ನಂತರ ನಡೆದಿದ್ದರೆ. ಬಾಂಡ್, ಇನ್‌ಲ್ಯಾಂಡ್ ಮರೀನ್, ಇಕ್ವಿಪ್‌ಮೆಂಟ್ ಬ್ರೇಕ್‌ಡೌನ್ ಇವೆಲ್ಲ ಒಂದೊಂದು ಸಂಜೆಯ ಕೆಲಸ. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಟೆಕ್ಸಾಸ್ ಕಾನೂನಿನ ಭಾಗ ಬೇರೆ ಜಾತಿಯದು. ಅಲ್ಲಿ ಲಾಜಿಕ್ ಹುಡುಕಿ ಪ್ರಯೋಜನವಿಲ್ಲ, ಉರು ಹೊಡೆಯಬೇಕು. ಅದಕ್ಕೇ ಕೊನೆಯ ವಾರಕ್ಕೆ ಇಟ್ಟುಕೊಳ್ಳಿ, ಮೊದಲೇ ಓದಿದರೆ ಮರೆತುಹೋಗುತ್ತದೆ. ವಿಮಾ ಕಮಿಷನರ್ ಅನ್ನು ನೇಮಿಸುವುದು ಗವರ್ನರ್, ಅವಧಿ ಎರಡು ವರ್ಷ. ಕ್ಲೇಮ್ ಬಂದ ಮೇಲೆ ಕಂಪನಿ 15 ದಿನದೊಳಗೆ ಸ್ವೀಕೃತಿ ಕೊಡಬೇಕು. ಬೇಕಾದ ಕಾಗದಪತ್ರ ಎಲ್ಲ ಕೈಸೇರಿದ ಮೇಲೆ ಸಾಮಾನ್ಯವಾಗಿ 15 ಕೆಲಸದ ದಿನಗಳಲ್ಲಿ ಹೌದು ಅಥವಾ ಇಲ್ಲ ಅನ್ನಬೇಕು, ಹೌದು ಅಂದಮೇಲೆ 5 ಕೆಲಸದ ದಿನಗಳಲ್ಲಿ ದುಡ್ಡು ಕೊಡಬೇಕು. ಲೈಸೆನ್ಸ್ ಉಳಿಸಿಕೊಳ್ಳಲು ಎರಡು ವರ್ಷಕ್ಕೆ 24 ಗಂಟೆ ಕಲಿಕೆ. ಅನ್‌ಇನ್ಶೂರ್ಡ್ ಮೋಟರಿಸ್ಟ್ (ವಿಮೆ ಇಲ್ಲದವರು ಗುದ್ದಿದಾಗ ಬರುವ ಕವರೇಜ್) ಮತ್ತು ಪಿಐಪಿ (ತಪ್ಪು ಯಾರದ್ದಾದರೂ ಕಾರಿನಲ್ಲಿದ್ದವರ ಗಾಯದ ಖರ್ಚಿಗೆ) ಎರಡನ್ನೂ ಕಂಪನಿ ಕೊಡಲೇಬೇಕು, ಗ್ರಾಹಕ ಬೇಡ ಅನ್ನುವುದಾದರೆ ಬರೆದುಕೊಡಬೇಕು. ಪಿಐಪಿಯ ಮೊತ್ತ 2,500 ಡಾಲರಿನಿಂದ ಶುರು.

ಟೆಕ್ಸಾಸಿಗೇ ವಿಶೇಷವಾದ ಎರಡು ಸಂಗತಿ ಇವೆ, ಅವು ನೆನಪಿನಲ್ಲಿ ಉಳಿಯುವುದು ಅವುಗಳ ಕಥೆಯಿಂದ. 1970ರಲ್ಲಿ ಸೀಲಿಯಾ ಚಂಡಮಾರುತ ಕಾರ್ಪಸ್ ಕ್ರಿಸ್ಟಿ ಕಡೆ ಅಪ್ಪಳಿಸಿತು. ಕರಾವಳಿಯಲ್ಲಿ ವಿಮೆ ಕೊಡಲು ಕಂಪನಿಗಳು ಹಿಂದೇಟು ಹಾಕಿದವು. 1971ರಲ್ಲಿ ಶಾಸನಸಭೆ ಟೆಕ್ಸಾಸ್ ವಿಂಡ್‌ಸ್ಟಾರ್ಮ್ ಇನ್ಶೂರೆನ್ಸ್ ಅಸೋಸಿಯೇಷನ್ ಹುಟ್ಟುಹಾಕಿತು. 14 ಕರಾವಳಿ ಕೌಂಟಿಗಳು ಮತ್ತು ಹ್ಯಾರಿಸ್ ಕೌಂಟಿಯ ಒಂದು ಭಾಗದಲ್ಲಿ ಗಾಳಿ, ಆಲಿಕಲ್ಲಿಗೆ ಮಾತ್ರ ಅದು ವಿಮೆ ಕೊಡುತ್ತದೆ. ಬೆಂಕಿಗೆ ಕೊಡುವುದಿಲ್ಲ, ಪ್ರವಾಹಕ್ಕೂ ಇಲ್ಲ. ಇನ್ನೊಂದು ವರ್ಕರ್ಸ್ ಕಾಂಪ್, ಅಂದರೆ ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡುವ ವಿಮೆ. ಬಹುಪಾಲು ರಾಜ್ಯಗಳಲ್ಲಿ ಇದು ಕಡ್ಡಾಯ, ಇಲ್ಲಿ ಖಾಸಗಿ ಮಾಲೀಕರು ಬೇಡ ಅನ್ನಬಹುದು. ಆದರೆ ಬೇಡ ಅಂದವರ ಮೇಲೆ ಪೆಟ್ಟಾದ ಕೆಲಸಗಾರ ಕೇಸು ಹಾಕಿದರೆ, ನಿನ್ನದೂ ತಪ್ಪಿತ್ತು ಅಂತ ವಾದಿಸುವ ಅವಕಾಶ ಮಾಲೀಕರಿಗಿಲ್ಲ.

ಫೇಲಾದಾಗ ಕೈಗೆ ಬಂದ ವರದಿ ಎಸೆದಿಲ್ಲ ತಾನೇ? ಯಾವ ವಿಭಾಗದಲ್ಲಿ ಎಷ್ಟು ಬಂತು ಅಂತ ಅದರಲ್ಲಿದೆ. ಪಾಸಾದವರಿಗೆ ಈ ವಿವರ ಸಿಗುವುದೇ ಇಲ್ಲ. ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಕಂಪನಿ ಪ್ರಕಟಿಸುವ ಅಭ್ಯರ್ಥಿ ಕೈಪಿಡಿ ಉಚಿತ. ಯಾವ ವಿಷಯಕ್ಕೆ ಎಷ್ಟು ಪ್ರಶ್ನೆ ಅಂತ ಪಟ್ಟಿ ಅದರಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಡಿ. ಪ್ರಶ್ನೆ ಜಾಸ್ತಿ, ನಿಮ್ಮ ಅಂಕ ಕಡಿಮೆ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ. ನಿಮಗೆ ಬೇಕಿರುವುದು ಆರು ಅಂಕ. ಎಲ್ಲವನ್ನೂ ಮೊದಲಿಂದ ಓದುವ ಅಗತ್ಯವಿಲ್ಲ. ಆ್ಯಪ್ ಬಿಡಬೇಡಿ, ಆದರೆ ಬೇರೆ ಪ್ರಕಾಶಕರ ಪ್ರಶ್ನೆ ಸಂಗ್ರಹ ಒಂದನ್ನು ಕೊಂಡುಕೊಳ್ಳಿ. ತಪ್ಪಾದ ಪ್ರತಿ ಪ್ರಶ್ನೆಗೂ ಪಾಲಿಸಿಯ ಯಾವ ಸಾಲಿನಲ್ಲಿ ಉತ್ತರ ಇದೆ ಅಂತ ಹುಡುಕಿ ಗೆರೆ ಎಳೆಯಿರಿ. ನಿಧಾನದ ಕೆಲಸ, ಬೇಜಾರಿನದ್ದೂ ಹೌದು. ಆದರೆ ಆ ಆರು ಅಂಕ ಬರುವುದು ಇಲ್ಲಿಂದಲೇ.

ಪರೀಕ್ಷೆಯ ದಿನ ಉದ್ದದ ಪ್ರಶ್ನೆ ಬಂದರೆ ಕೊನೆಯ ಸಾಲು ಮೊದಲು ಓದಿ. ಏನು ಕೇಳುತ್ತಿದ್ದಾರೆ ಅಂತ ತಿಳಿದ ಮೇಲೆ ಕಥೆ ಓದಿ. ನಾಟ್, ಎಕ್ಸೆಪ್ಟ್ ಇರುವ ಪ್ರಶ್ನೆಗಳಲ್ಲಿ ಪ್ರತಿ ಆಯ್ಕೆಗೂ ಸರಿ, ತಪ್ಪು ಅಂತ ಬರೆದುಕೊಳ್ಳಿ, ಬೇರೆಯಾಗಿ ನಿಂತದ್ದೇ ಉತ್ತರ. ನಮ್ಮೂರಿನ ಎಂಟ್ರೆನ್ಸ್ ಪರೀಕ್ಷೆಗಳ ಅಭ್ಯಾಸದಿಂದ ಗೊತ್ತಿಲ್ಲದ್ದನ್ನು ಖಾಲಿ ಬಿಡಬೇಡಿ. ಇಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ. ಕೆಲವು ಪ್ರಶ್ನೆಗಳು ಅಂಕಕ್ಕೇ ಲೆಕ್ಕವಿಲ್ಲದ ಪ್ರಯೋಗದ ಪ್ರಶ್ನೆಗಳು. ಯಾವುವು ಅಂತ ಹೇಳುವುದಿಲ್ಲ. ಹಾಗಾಗಿ ಎಲ್ಲೂ ಓದದ ವಿಷಯ ಒಂದೆರಡು ಬಂದರೆ ಗಾಬರಿಯಾಗಬೇಡಿ, ಏನೋ ಒಂದು ಗುರುತು ಹಾಕಿ ಮುಂದೆ ಹೋಗಿ.

ಹೆಸರಿನ ವಿಷಯ ಒಂದಿದೆ. ನಮ್ಮ ಹೆಸರುಗಳು ಪಾಸ್‌ಪೋರ್ಟಿನಲ್ಲಿ ಒಂದು ಥರ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ಥರ. ಇನಿಷಿಯಲ್ ಬಿಡಿಸಿದ್ದು, ಅಪ್ಪನ ಹೆಸರು ಸರ್‌ನೇಮ್ ಆದದ್ದು, ಎಲ್ಲ ಉಂಟು. ಪರೀಕ್ಷೆಗೆ ನೋಂದಾಯಿಸಿದ ಹೆಸರು ನೀವು ತೋರಿಸುವ ಗುರುತಿನ ಚೀಟಿಗೆ ಸರಿಯಾಗಿ ಹೊಂದಬೇಕು, ಇಲ್ಲದಿದ್ದರೆ ಬಾಗಿಲಿನಿಂದಲೇ ವಾಪಸ್. ಮೊದಲ ಸಲ ಏನೂ ಆಗಲಿಲ್ಲ ಅಂತ ಬಿಡಬೇಡಿ, ಈ ಮಧ್ಯೆ ಯಾವುದಾದರೂ ಚೀಟಿ ನವೀಕರಿಸಿದ್ದರೆ ಮತ್ತೆ ನೋಡಿಕೊಳ್ಳಿ.

ಪಾಸಾದ ಮೇಲೆ ಬೆರಳಚ್ಚು ಕೊಟ್ಟು ಟೆಕ್ಸಾಸ್ ವಿಮಾ ಇಲಾಖೆಗೆ ಅರ್ಜಿ ಹಾಕಬೇಕು. ಪರೀಕ್ಷೆಯ ಫಲಿತಾಂಶ ಒಂದು ವರ್ಷ ನಡೆಯುತ್ತದೆ, ಅಷ್ಟರೊಳಗೆ ಅರ್ಜಿ ಹೋಗಬೇಕು. ಇಎಡಿ ಮುಗಿಯುವ ತಾರೀಖನ್ನು ಆ ಏಜೆಂಟರಿಗೆ ಈಗಲೇ ತಿಳಿಸಿ. ಅವಧಿ ಮುಗಿದರೆ ಕೈಯಲ್ಲಿ ಲೈಸೆನ್ಸ್ ಇದ್ದರೂ ಕೆಲಸ ನಿಲ್ಲಿಸಬೇಕಾಗುತ್ತದೆ. ಲೈಸೆನ್ಸ್ ಬಂದ ಕೂಡಲೇ ಯಾವ ಕಂಪನಿಗಳ ಅಪಾಯಿಂಟ್‌ಮೆಂಟ್ (ಏಜೆಂಟ್ ಆಗಿ ನೇಮಕ) ಕೊಡಿಸುತ್ತೀರಿ ಅಂತಲೂ ಅವರನ್ನು ಕೇಳಿಕೊಳ್ಳಿ. ಅದು ಆಗದೆ ಆ ಕಂಪನಿಗಳ ಪಾಲಿಸಿ ನೀವು ಮಾರುವ ಹಾಗಿಲ್ಲ.